ರಜೆಯ ದಿನ ನೀರು ಕುಡಿಯಲು ಬರುತ್ತಿದ್ದವರು

ಅವರು ತೀರಿಕೊಂಡ ಸುದ್ದಿ ನನಗೆ ಫೋನಿನಲ್ಲೇ ಬಂತು. ಫೋನು ಕೆಟ್ಟವರು ದೂರು ಹೇಳುವ ನಮ್ಮ ಆಫೀಸಿನ ನಂಬರಿಗೆ ಬಂದರದ ಮೀನಿನ ಸಾಹೇಬರು ಕರೆ ಮಾಡಿದ್ದರು. ಸಾಹೇಬರು ಭಟ್ಕಳದವರು, ಕುಮಟೆಗೆ ಬಂದು ಮೀನಿನ ವ್ಯಾಪಾರ ಹಿಡಿದವರು, ಊರಿನ ಎಲ್ಲರ ಹಾಗೆ ಆಫೀಸಿನ ಹೆಂಗಸರನ್ನು ಮರ್ಯಾದೆಯಿಂದ ಬಾಯಿ ಎನ್ನುವವರು. "ಈ ಸರ್ತಿ ಫೋನು ಕೆಟ್ಟಿಲ್ಲ ಬಾಯಿ," ಎಂದರು. "ನಮ್ಮ ಫೋನಿನ ಬಾಯಿ ಹೋದ್ರಂತೆ. ಜ್ವರ ಎದೆಗೆ ಇಳೀತಂತೆ. ನಿಮಗೆ ಯಾರೂ ಹೇಳಿರುದಿಲ್ಲ ಅಂತ ನಾನೇ ಮಾಡಿದೆ."

ಯಾರೂ ಹೇಳಿರಲಿಲ್ಲ, ನಿಜ. ಅವರು ರಜೆ ಹಾಕಿ ಮಲಗಿದ ಮೇಲೆ ನಾನು ಮನೆಗೆ ಹೋದಾಗಲೂ "ಈಗಷ್ಟೇ ನಿದ್ದೆ ಬಂತು" ಎಂದು ಅವರ ಅಣ್ಣ ಬಾಗಿಲಲ್ಲೇ ನಿಂತು ಹೇಳಿ ಕಳಿಸಿದ್ದ. ಆ ಮನೆಯ ಬಾಗಿಲು ನನಗೆ ಯಾವತ್ತೂ ಪೂರ್ತಿ ತೆರೆದದ್ದಿಲ್ಲ. ಸಾವಿನ ದಿನ ಮಾತ್ರ ಯಾರ ಬಾಗಿಲೂ ಹಾಕಿರುವುದಿಲ್ಲವಲ್ಲ, ಹಾಗಾಗಿ ಅರ್ಧ ದಿನದ ರಜೆ ಹಾಕಿ ಹೊರಟೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮನೆಯವರ ಮರ್ಯಾದೆ ಕಾಯಬೇಕೆಂದಲ್ಲ. ಆ ಮರ್ಯಾದೆಯ ಬಗ್ಗೆ ನನಗೆ ಎಳ್ಳಷ್ಟೂ ಕಾಳಜಿ ಇಲ್ಲ. ಟೆಲಿಫೋನ್ ಬೋರ್ಡಿನ ಮುಂದೆ ಕೂತವರು ಗಿರಾಕಿಗಳಿಗೆ ಹೆಸರು ಹೇಳಬಾರದು ಎಂಬುದು ನಮ್ಮ ಕೆಲಸದ ಮೊದಲ ಪಾಠ, ಮತ್ತು ಅದನ್ನು ನನಗೆ ಕಲಿಸಿದವರೇ ಅವರು. "ಹೆಸರು ಹೇಳಿದ್ರೆ ಫೋನ್ ಕಾಲು ಮುಗಿದ ಮೇಲೂ ಮಾತಾಡ್ತಾರೆ ಮಾರಾಯ್ತಿ," ಎನ್ನುತ್ತಿದ್ದರು. ಹಾಗಾಗಿ ಊರಿಗೆಲ್ಲ ಅವರು ಬರೀ ಫೋನಿನ ಬಾಯಿ. ನನಗೆ ಅಕ್ಕ.

ಎಪ್ಪತ್ತರ ದಶಕದಲ್ಲಿ ನಾನು ಕುಮಟೆಯ ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿದಾಗ ಧಾರೇಶ್ವರದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಬಸ್ಸು ತಡವಾಗುವುದು, ನಾನು ಏದುಸಿರು ಬಿಡುತ್ತ ಒಳಗೆ ಬರುವುದು ದಿನದ ಮಾತು. ಅವರು ಆಗಲೇ ತಲೆಗೆ ಹೆಡ್‌ಸೆಟ್ ಹಾಕಿಕೊಂಡು ಕೂತಿರುತ್ತಿದ್ದರು. ಎತ್ತರದ ಹೆಂಗಸು, ನೆಟ್ಟಗಿನ ಬೆನ್ನು. ಹೆಡ್‌ಸೆಟ್ಟಿನ ಪಟ್ಟಿಗೆ ಸಿಕ್ಕಿ ಹಾಳಾಗುತ್ತದೆಂದು ಅಬ್ಬಲಿಗೆ ಮಾಲೆಯನ್ನು ತಲೆಯ ಬದಲು ಜಡೆಯ ತುದಿಗೆ ಮುಡಿಯುತ್ತಿದ್ದರು. ಅವರ ಧ್ವನಿ ದೊಡ್ಡದಲ್ಲ, ಆದರೆ ಮುಂಬೈ ಲೈನಿನ ಗರಗರದೊಳಗೂ ಕೇಳಿಸುತ್ತಿತ್ತು. ಸಾಹೇಬರೊಡನೆ ಕೊಂಕಣಿ, ಪೇಟೆಯ ಜವಳಿ ಅಂಗಡಿಯವರೊಡನೆ ಕನ್ನಡ, ಮುಂಬೈಯ ಆಪರೇಟರೊಡನೆ ಮರಾಠಿ. ಮೂರರಲ್ಲೂ ಅದೇ ನಿಧಾನ.

ಆ ಕಾಲದ ಬೋರ್ಡನ್ನು ಈಗಿನವರು ನೋಡಿಲ್ಲ. ಗೋಡೆಯಷ್ಟು ಅಗಲದ ಮರದ ಹಲಗೆ, ಅದರಲ್ಲಿ ಒಂದೊಂದು ಫೋನಿಗೆ ಒಂದೊಂದು ಪುಟ್ಟ ಹಿತ್ತಾಳೆಯ ಮುಚ್ಚಳ. ಅದಕ್ಕೆ ನಾವು ಶಟರ್ ಎನ್ನುತ್ತಿದ್ದೆವು. ಊರಲ್ಲಿ ಯಾರೋ ತಮ್ಮ ಫೋನಿನ ಹಿಡಿಕೆ ತಿರುಗಿಸಿದರೆ ಇಲ್ಲಿ ಅವರ ಶಟರ್ ಟಕ್ಕೆಂದು ಬೀಳುತ್ತದೆ. ನಾವು ಅಲ್ಲಿಗೆ ವೈರು ಚುಚ್ಚಿ "ನಂಬರ್ ಪ್ಲೀಸ್" ಎನ್ನಬೇಕು. ನಾನು ಶಬ್ದ ಕೇಳಿದ ಕೂಡಲೇ ವೈರು ಹಿಡಿದು ಹಾರುತ್ತಿದ್ದೆ. ಅವರು ಹಾಗಲ್ಲ. ಬಿದ್ದ ಶಟರನ್ನು ಮೊದಲು ತೋರುಬೆರಳಿನಿಂದ ಮುಟ್ಟುವರು, ಆಮೇಲೆ ವೈರು. ಪ್ರತಿ ಸಲ, ಎಷ್ಟು ಗಡಿಬಿಡಿ ಇದ್ದರೂ.

ನನಗೆ ಅದು ಮಡಿವಂತಿಕೆಯಂತೆ ಕಂಡು ತಮಾಷೆ ಮಾಡುತ್ತಿದ್ದೆ. "ಅಕ್ಕ, ಶಟರಿಗೆ ಗಂಧ ಹಚ್ಚುದೊಂದು ಬಾಕಿ." ಅವರು ನಗುತ್ತಿದ್ದರು. ಒಂದು ಮಧ್ಯಾಹ್ನ ಊರೆಲ್ಲ ಉಂಡು ಮಲಗಿದ ಹೊತ್ತು, ಬೋರ್ಡು ತಣ್ಣಗಿತ್ತು. ಅವರು ನನ್ನ ಕಡೆ ತಿರುಗಿ, "ಈಗ ಮೇಲಿನ ಸಾಲಿಂದು ಬಿತ್ತನಾ?" ಎಂದು ಕೇಳಿದರು. ಇಲ್ಲ ಎಂದೆ. "ಆತು," ಎಂದು ತಮ್ಮ ಹೊಲಿಗೆಗೆ ಮರಳಿದರು. ಸ್ವಲ್ಪ ಹೊತ್ತಿನ ಮೇಲೆ ಅವರಾಗಿಯೇ ಹೇಳಿದರು.

ಮೊದಲು ಹೊನ್ನಾವರದ ಎಕ್ಸ್‌ಚೇಂಜಿನಲ್ಲಿದ್ದಾಗ ಅವರಿಗೆ ಮಾತು ಕೇಳಿಸತೊಡಗಿತ್ತು. ಹೆಡ್‌ಸೆಟ್ ತೆಗೆದಿಟ್ಟ ಮೇಲೂ ಲೈನಿನಲ್ಲಿ ಯಾರೋ ಇದ್ದರು. ಬೈಯುತ್ತಿದ್ದರು, ಹೆದರಿಸುತ್ತಿದ್ದರು, ಕೆಲವು ಸಲ ತೀರಿಹೋದ ಅಪ್ಪನ ಧ್ವನಿಯಲ್ಲಿ ಊಟಕ್ಕೆ ಕರೆಯುತ್ತಿದ್ದರು. ಅಲ್ಲಿನ ಡಾಕ್ಟರು ಧಾರವಾಡದ ಮಾನಸಿಕ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಕೆಲವು ವಾರ ಇದ್ದು, ಮಾತ್ರೆ ತೆಗೆದುಕೊಂಡು ಬಂದರು. ಮಾತ್ರೆಯಿಂದ ಮಾತು ದೂರವಾಯಿತು, ಪೂರ್ತಿ ಹೋಗಲಿಲ್ಲ. ಉಳಿದದ್ದಕ್ಕೆ ಅವರೇ ಉಪಾಯ ಕಂಡುಕೊಂಡಿದ್ದರು. "ಶಟರ್ ಬೀಳದೆ ಮಾತಾಡಿದವರಿಗೆ ನಾ ಉತ್ತರ ಕೊಡುದಿಲ್ಲ. ಬೆರಳಿಗೆ ಸಿಕ್ಕಿದ್ರೆ ಖರೆ ಕಾಲು. ಸಿಕ್ಕಲಿಲ್ಲ ಅಂದ್ರೆ ಮಾತಾಡಿಕೊಳ್ಳಲಿ, ನಂಗೆಂತ?"

"ಮನೇಲಿ ಎಂತ ಮಾಡ್ತ್ರಿ ಅಕ್ಕ? ಅಲ್ಲಿ ಶಟರ್ ಇಲ್ಲವಲ್ಲ," ಎಂದೆ.

"ಮನೇಲಿ ಅಣ್ಣನ ಮಗಳ ಮುಖ ನೋಡ್ತೆ. ಸಣ್ಣ ಕೂಸು. ಶಬ್ದ ಆದ್ರೆ ತಿರುಗಿ ನೋಡ್ತದೆ. ಅದು ತಿರುಗಲಿಲ್ಲ ಅಂದ್ರೆ ಎಂತದೂ ಇಲ್ಲ ಅಂತ ಲೆಕ್ಕ."

ನಮ್ಮ ಜಿಲ್ಲೆಯಲ್ಲಿ ಧಾರವಾಡ ಎಂಬುದು ಬರೀ ಊರಿನ ಹೆಸರಲ್ಲ. ಯಾರಾದರೂ ತಲೆತಿರುಗಿದ ಮಾತಾಡಿದರೆ "ಧಾರವಾಡದ ಬಸ್ಸು ಹತ್ತಿಸಬೇಕು" ಎನ್ನುತ್ತೇವೆ. ಓದಲು ಹೋದ ಹುಡುಗರೂ ಯಾವ ಕಾಲೇಜೆಂದು ಕೂಡಲೇ ಸೇರಿಸಿ ಹೇಳುತ್ತಾರೆ. ಅಕ್ಕ ಒಮ್ಮೆ ಹೋಗಿ ಬಂದದ್ದೇ ಸಾಕಾಯಿತು, ಬರುತ್ತಿದ್ದ ಸಂಬಂಧಗಳೆಲ್ಲ ನಿಂತವು. ಮನೆಯಲ್ಲಿ ಉಳಿದವರು ತಾಯಿ, ಅಣ್ಣ, ಅತ್ತಿಗೆ, ಆ ಮಗು. ಸಮುದ್ರ ನಂಬಿ ಬದುಕುವ ಮನೆ. ಅಣ್ಣ ಬೇರೆಯವರ ದೋಣಿಯಲ್ಲಿ ದುಡಿದು ದುಡಿದು, ಕೊನೆಗೆ ಇಂಜಿನ್ ಹಾಕಿದ ಸ್ವಂತ ಬೋಟು ಮಾಡಿದ.

ತಮ್ಮ ಮನೆಯವರು ಕೆಟ್ಟವರಲ್ಲ ಎಂದು ಅಕ್ಕ ಯಾವಾಗಲೂ ಹೇಳುತ್ತಿದ್ದರು. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಅವರು ಚೆನ್ನಾಗಿ ಕೆಲಸಕ್ಕೆ ಹೋಗಿ ಬರುತ್ತಿದ್ದರೆ ಅಣ್ಣ, "ನಿಂಗೆ ಎಂತ ರೋಗ? ಎಂತಕ್ಕೆ ಆ ಮಾತ್ರೆ?" ಎನ್ನುತ್ತಿದ್ದ. ಒಂದು ದಿನ ಸಪ್ಪಗೆ ಕೂತರೆ ತಾಯಿ, "ಶುರುವಾತು ನೋಡು ಇವಳ ಹುಚ್ಚು" ಎನ್ನುತ್ತಿದ್ದರು. ಮಾತ್ರೆಯಿಂದ ಕೈ ನಡುಗಿ ಸಾರಿನ ತಪ್ಪಲೆ ಬಿದ್ದರೆ ಅತ್ತಿಗೆ ಅದನ್ನು ಸೊಕ್ಕು ಎನ್ನುವಳು. "ನಾ ಸಮ ಇದ್ರೆ ರೋಗ ಇಲ್ಲ, ರೋಗ ಬಂದ್ರೆ ನಾನೇ ಇಲ್ಲ. ಎರಡೂ ಒಟ್ಟಿಗೆ ಇರ್ತದೆ ಅಂತ ಅವರಿಗೆ ಹೆಂಗೆ ಹೇಳುದು?" ಎಂದು ಒಮ್ಮೆ ನನ್ನನ್ನು ಕೇಳಿದ್ದರು.

ಬೋಟು ಮೊದಲ ಸಲ ನೀರಿಗಿಳಿಯುವ ವರ್ಷ ಅಣ್ಣ ದೇವರ ಮಾತು ಕೇಳಲು ಹೋದ. ಮಳೆಗಾಲ ತಗ್ಗಿ, ನೂಲು ಹುಣ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆಯೇ ನಮ್ಮಲ್ಲಿ ಮೀನಿಗೆ ಹೋಗುವುದು. ಅದಕ್ಕೆ ಮುಂಚೆ, ಮೈಮೇಲೆ ದೇವರು ಬರುವವರ ಹತ್ತಿರ ವರ್ಷದ ಒಳಿತು ಕೆಡುಕು ಕೇಳುವ ರೂಢಿ. ಅಲ್ಲಿ ದೇವರ ಅಪ್ಪಣೆಯಾಯಿತಂತೆ: ನಿನ್ನ ತಂಗಿಯನ್ನು ನಾನು ನೋಡಿಕೊಳ್ಳುತ್ತೇನೆ, ನನ್ನ ಪ್ರಸಾದ ಮುಟ್ಟಿದವರು ಹೊರಗಿನ ಮದ್ದು ಮುಟ್ಟಕೂಡದು, ಮುಟ್ಟಿದರೆ ಬೋಟಿನ ಹೊಣೆ ನನ್ನದಲ್ಲ. ಅಣ್ಣ ಅಲ್ಲೇ ಹರಕೆ ಕಟ್ಟಿಕೊಂಡು ಬಂದ. ಹುಣ್ಣಿಮೆಯ ದಿನ ತಾಯಿ ತೆಂಗಿನಕಾಯಿಯ ಜೊತೆ ಮಗಳ ಮಾತ್ರೆಗಳನ್ನೂ ಸೆರಗಿನಲ್ಲಿ ಕಟ್ಟಿ ತಂದು ಸಮುದ್ರಕ್ಕೆ ಹಾಕಿದರು.

ಮರುದಿನ ಡ್ಯೂಟಿಯಲ್ಲಿ ಇದನ್ನು ಕೇಳಿ ನಾನು ರೇಗಿದೆ. "ನೀವಾದ್ರೂ ಬೇಡ ಅನ್ನಬಾರದಾ?"

"ಅಂದು ಎಂತ ಮಾಡುದು? ಬೋಟಿಗೆ ಎಂತಾದ್ರೂ ಆದ್ರೆ ಎಲ್ಲಾ ನನ್ನ ಮಾತ್ರೆ ತಲೆ ಮೇಲೆ ಬರ್ತದೆ. ಅದರಲ್ಲಿ ಹೋಗುದು ಬರೀ ಅಣ್ಣ ಅಲ್ಲ, ಆ ಕೇರಿಯ ಗಂಡಸರೆಲ್ಲ ಹೋಗ್ತಾರೆ."

ಆಮೇಲಿನ ವಾರಗಳಲ್ಲಿ ಶಟರ್ ಮುಟ್ಟುವ ಬೆರಳು ಹೆಚ್ಚು ಹೊತ್ತು ಅಲ್ಲೇ ನಿಲ್ಲತೊಡಗಿತು. ಊಟದ ಡಬ್ಬಿ ತೆರೆಯದೆ ವಾಪಸು ಹೋಗುತ್ತಿತ್ತು. ನಿದ್ದೆ ಇಲ್ಲದೆ ಕಣ್ಣು ಒಳಗೆ ಇಳಿದಿತ್ತು. ನಾನು ಪಕ್ಕದ ಕುರ್ಚಿಯಲ್ಲಿ ಕೂತು ನೋಡುತ್ತಲೇ ಇದ್ದೆ. ಮನೆಯಲ್ಲಿ ಇವರು ಸಣ್ಣಗಾದದ್ದನ್ನೂ ಪ್ರಸಾದದ ಗುಣ ಎಂದರಂತೆ. ದೇಹದಿಂದ ಇಂಗ್ಲಿಷ್ ಮದ್ದು ಇಳಿಯುತ್ತಿದೆಯಂತೆ.

ದಸರೆ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಬರುವಾಗ ಬಸ್ಸು ಎಂದಿನಂತೆ ತಡ. ಒಳಗೆ ಕಾಲಿಟ್ಟಾಗ ಅವರು ಬೋರ್ಡಿನ ಮುಂದೆ ಎದ್ದು ನಿಂತಿದ್ದರು. ಒಂದು ಶಟರೂ ಬಿದ್ದಿರಲಿಲ್ಲ. ಅವರು ಬಂದರದ ಸಾಹೇಬರ ನಂಬರಿಗೆ ವೈರು ಚುಚ್ಚಿ, ತಮ್ಮ ಅದೇ ನಿಧಾನದ ಧ್ವನಿಯಲ್ಲಿ ಕೊಂಕಣಿಯಲ್ಲಿ ಹೇಳುತ್ತಿದ್ದರು: ನಮ್ಮ ಬೋಟು ಮುಳುಗಿದೆ, ಅಪ್ಪ ಈಗ ಹೇಳಿದರು, ಕೇರಿಗೆ ಜನ ಕಳಿಸಿ.

ಆ ಧ್ವನಿಯನ್ನು ಯಾರು ನಂಬದಿರುತ್ತಾರೆ? ಸಾಹೇಬರು ಫೋನಿಟ್ಟವರೇ ಕೇರಿಗೆ ಆಳು ಓಡಿಸಿದರು. ಹೆಂಗಸರು ಒಲೆಯ ಮೇಲಿನದ್ದು ಒಲೆಯ ಮೇಲೇ ಬಿಟ್ಟು ದಡಕ್ಕೆ ಓಡಿದರು. ಅತ್ತಿಗೆ ಮರಳಲ್ಲಿ ಬಿದ್ದು ಹೊರಳಿದಳಂತೆ. ತಾಯಿ ನೀರಿಗೇ ಇಳಿಯಲು ಹೋಗಿ ಯಾರೋ ಹಿಡಿದುಕೊಂಡರಂತೆ. ಮಧ್ಯಾಹ್ನದ ಹೊತ್ತಿಗೆ ಬೋಟು ಬುಟ್ಟಿ ತುಂಬ ಬಂಗುಡೆ ಮೀನು ಹಾಕಿಕೊಂಡು ಬಂತು. ಗಂಡಸರು ದಡ ತುಂಬ ಜನ ನೋಡಿ ಯಾರು ಸತ್ತರೆಂದು ಕೇಳಿದರಂತೆ.

ಅಣ್ಣ ಮೈಯ ಉಪ್ಪುನೀರು ಒಣಗುವ ಮುಂಚೆಯೇ ಎಕ್ಸ್‌ಚೇಂಜಿಗೆ ಬಂದ. ಅಕ್ಕ ಮೂಲೆಯ ಸ್ಟೂಲಿನಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. ಅಣ್ಣ ತಂಗಿಯ ಕಡೆ ತಿರುಗಲೇ ಇಲ್ಲ. ಸೂಪರ್‌ವೈಸರಿಗೆ ಕೈ ಮುಗಿದು, "ಸಾಯೇಬ್ರೇ, ಇವಳನ್ನ ಕೆಲಸದಿಂದ ತೆಗೀರಿ. ಮನೇಲಿ ಒಂದು ಕೋಣೆ ಅದೆ, ಬಾಗಿಲು ಹಾಕಿ ಇಟ್ಟುಕೊಳ್ತೇವೆ," ಎಂದ. ಹೆದರಿದ್ದಾನೆಂದು ನನಗೂ ಕಂಡಿತು, ಆದರೂ ಸಿಟ್ಟು ಇಳಿಯಲಿಲ್ಲ. ಸೂಪರ್‌ವೈಸರು ಹುಬ್ಬಳ್ಳಿ ಕಡೆಯವರು, ಕಾಯಿದೆ ಬಿಟ್ಟು ಮಾತಾಡದ ಮನುಷ್ಯ. "ಡಾಕ್ಟರ್ ಸರ್ಟಿಫಿಕೇಟ್ ತರ್ಲಿ. ತಂದ್ರ ಕೆಲಸ, ಇಲ್ಲಂದ್ರ ಇಲ್ಲ," ಎಂದರು. ಬಂದರದ ಸಾಹೇಬರು ದೂರು ಕೊಟ್ಟಿದ್ದರೆ ಅಷ್ಟೂ ಉಳಿಯುತ್ತಿರಲಿಲ್ಲ. "ಬೋಟು ಮುಳುಗಲಿಲ್ಲವಲ್ಲ. ಮುಳುಗಿದ್ರೆ ದೂರು ಕೊಡ್ತಿದ್ದೆ," ಎಂದು ಸುಮ್ಮನಾದರು.

ಧಾರವಾಡಕ್ಕೆ ಕರೆದುಕೊಂಡು ಹೋಗಲು ಮನೆಯಿಂದ ಯಾರೂ ಏಳಲಿಲ್ಲ. ಹರಕೆ ಮುರಿದಂತಾಗುತ್ತದೆ ಎಂದರು. ಕಡೆಗೆ ನಾನೇ ಹೋಗಿ, ಕೋಣೆಯ ಬಾಗಿಲು ತೆಗೆಸಿ, ಸರ್ಟಿಫಿಕೇಟ್ ಇಲ್ಲದಿದ್ದರೆ ಸರಕಾರಿ ನೌಕರಿ ಹೋಗುತ್ತದೆ ಎಂದು ಗದರಿಸಿ ಕರೆತಂದೆ. ಕುಮಟೆ ಸ್ಟ್ಯಾಂಡಿನಲ್ಲಿ ಬಸ್ಸು ತುಂಬಿತ್ತು, ಅರ್ಧ ಜನ ಅವರ ಗುರುತಿನವರು. ಎಲ್ಲರೂ ಮಾತು ನಿಲ್ಲಿಸಿ ನೋಡುತ್ತಿದ್ದರು. ಕಂಡಕ್ಟರು ಬಂದಾಗ ನಾನು ತಗ್ಗಿದ ಧ್ವನಿಯಲ್ಲಿ ಊರು ಹೇಳಲು ಹೊರಟೆ. ಅವರು ನನ್ನ ಕೈ ಹಿಡಿದು, ಟ್ರಂಕ್ ಕಾಲಿಗೆ ಮಾತಾಡುವ ಧ್ವನಿಯಲ್ಲಿ ಹೇಳಿದರು: "ಎರಡು ಧಾರವಾಡ. ಒಂದು ಹುಚ್ಚಿಗೆ, ಒಂದು ಜೊತೆಗೆ ಬಂದವಳಿಗೆ." ಘಟ್ಟ ಹತ್ತುವವರೆಗೂ ಅವರ ಬೆರಳುಗಳು ನನ್ನ ಮಣಿಕಟ್ಟನ್ನು ಬಿಡಲಿಲ್ಲ.

ಮತ್ತೆ ಮಾತ್ರೆ ಶುರುವಾಯಿತು, ಸರ್ಟಿಫಿಕೇಟೂ ಸಿಕ್ಕಿತು. ಸೂಪರ್‌ವೈಸರು ಕೆಲವು ತಿಂಗಳು ಬರೀ ಟ್ರಂಕ್ ಕಾಲು ಬರೆದುಕೊಳ್ಳುವ ಕೆಲಸಕ್ಕೆ ಕೂರಿಸಿ, ಆಮೇಲೆ ಬೋರ್ಡಿಗೆ ಬಿಟ್ಟರು. ಆದರೆ ಮಾತ್ರೆ ಮನೆಗೆ ಹೋಗುವಂತಿರಲಿಲ್ಲ, ಹೋದರೆ ಮತ್ತೆ ಸಮುದ್ರದ ಪಾಲು. ಆಗ ಅವರು ಒಂದು ಹಿಂಗಿನ ಡಬ್ಬಿ ತಂದು ನನ್ನ ಮೇಜಿನ ಡ್ರಾಯರಿನಲ್ಲಿಟ್ಟರು. ಮಾತ್ರೆಗಳೆಲ್ಲ ಅದರೊಳಗೆ. ಡ್ಯೂಟಿಗೆ ಬಂದ ಕೂಡಲೇ ಒಂದು ಲೋಟ ನೀರು, ಒಂದು ಮಾತ್ರೆ. ಮನೆಯಲ್ಲಿ ತಾಯಿ ಕೊಟ್ಟ ಪ್ರಸಾದವನ್ನೂ ಕಣ್ಣಿಗೊತ್ತಿ ತಿಂದೇ ಬರುತ್ತಿದ್ದರು.

ರಜೆಯ ದಿನದ ಗತಿ? ರಜೆಯ ದಿನವೂ ಬರುತ್ತಿದ್ದರು. ಬಿಸಿಲಿರಲಿ, ಮಳೆಯಿರಲಿ, ಕೇರಿಯಿಂದ ನಡೆದು ಬಂದು, ಒಂದು ಲೋಟ ನೀರು ಕುಡಿದು, ನಡೆದು ಹೋಗುತ್ತಿದ್ದರು. ಲೈನ್‌ಮನ್‌ಗಳು ನಗುತ್ತಿದ್ದರು, "ಬಾಯಿ, ನಿಮ್ಮ ಬಾವಿ ಬತ್ತಿದ್ಯಾ?" ಎಂದು. ಅಣ್ಣನೂ ಕೇಳಿದನಂತೆ, ರಜೆಯಲ್ಲಿ ಎಂತಕ್ಕೆ ಹೋಗುದು ಎಂದು. "ನೀರು ಕುಡಿಯುಕೆ," ಎಂದರಂತೆ. ಹುಚ್ಚಿಯ ಮಾತೆಂದು ಅಲ್ಲಿಗೇ ಬಿಟ್ಟನಂತೆ. ಇದನ್ನು ಹೇಳಿ ಅವರು ನಕ್ಕದ್ದು ನೆನಪಿದೆ. ಹುಚ್ಚಿ ಎನಿಸಿಕೊಂಡದ್ದರಿಂದ ಅವರಿಗಾದ ಉಪಕಾರ ಅದೊಂದೇ ಇರಬೇಕು.

ತಂಗಿ ಸುಧಾರಿಸಿದ್ದು ಕಂಡು ಅಣ್ಣ ಹರಕೆ ಫಲಿಸಿತೆಂದು ಊರಿಗೆಲ್ಲ ಹೇಳಿಕೊಂಡ. ನನಗೆ ಮೈ ಉರಿಯುತ್ತಿತ್ತು. "ಒಂದು ಸಲ ಎದುರಿಗೆ ನಿಂತು ಹೇಳಿಬಿಡಿ ಅಕ್ಕ," ಎಂದು ಎಷ್ಟು ಸಲ ಅಂದಿದ್ದೇನೆ.

"ಹೇಳಿದ್ರೆ ನನ್ನ ಮಾತು ಗೆಲ್ತದೆ, ಮಾತ್ರೆ ಹೋಗ್ತದೆ. ಗೆದ್ದು ಎಂತ ಮಾಡುದು?" ಎನ್ನುತ್ತಿದ್ದರು.

ಎಂಬತ್ತರ ದಶಕದ ನಡುವೆ ಹೊಸ ಯಂತ್ರ ಬಂತು. ಜನ ತಾವೇ ನಂಬರು ತಿರುಗಿಸತೊಡಗಿದರು. ಹಳೆಯ ಬೋರ್ಡನ್ನು ಬಿಚ್ಚಿ ಲಾರಿಗೆ ಹಾಕಿದ ದಿನ ಅವರು ವರಾಂಡದಲ್ಲಿ ನಿಂತು ನೋಡಿದರು. ಆಮೇಲೆ ನಮ್ಮಿಬ್ಬರನ್ನೂ ದೂರು ಕೇಳುವ ಮೇಜಿಗೆ ಹಾಕಿದರು. ಅಲ್ಲಿ ಮುಟ್ಟಿ ನೋಡಲು ಏನೂ ಇರಲಿಲ್ಲ. ಫೋನು ಗಣಗಣ ಎಂದಾಗ ಅವರು ಕೈ ಚಾಚುವ ಮುಂಚೆ ನನ್ನ ಕಡೆ ನೋಡುವರು. ನಾನು ತಲೆಯೆತ್ತಿದ್ದರೆ ಎತ್ತಿಕೊಳ್ಳುವರು. ಗೊತ್ತಾದ ಮೇಲೆ ನಾನು ಎಷ್ಟೇ ಕೆಲಸದಲ್ಲಿರಲಿ, ಫೋನಿನ ಗಂಟೆ ಕೇಳಿದ ಕೂಡಲೇ ತಲೆಯೆತ್ತುವುದನ್ನು ರೂಢಿ ಮಾಡಿಕೊಂಡೆ. ಈಗಲೂ ಎತ್ತುತ್ತೇನೆ.

ಅಕ್ಕ ಈ ಕೊನೆಯ ಜ್ವರ ಬಂದು ಮಲಗಿದಾಗ ಮಾತ್ರೆಯ ಕತೆ ಏನೆಂದು ನನಗೆ ನಿದ್ದೆ ಹತ್ತಿರಲಿಲ್ಲ. ಒಂದು ದಿನ ಅಣ್ಣನ ಮಗಳು ಕಾಲೇಜಿನಿಂದ ಹಾಗೆಯೇ ಆಫೀಸಿಗೆ ಬಂದಳು. ಅದೇ ಕೂಸು, ಈಗ ಎತ್ತರಕ್ಕೆ ಬೆಳೆದು ಅತ್ತೆಯ ಹಾಗೆ ಜಡೆಯ ತುದಿಗೆ ಹೂ ಮುಡಿದಿದ್ದಳು. "ಅತ್ತೆ ಹಿಂಗಿನ ಡಬ್ಬಿ ತಕ್ಕೊಂಡು ಬರುಕೆ ಹೇಳಿದ್ಲು," ಎಂದಳು. ಪುಸ್ತಕಗಳ ನಡುವೆ ಅಡಗಿಸಿಕೊಂಡು ಹೋದಳು. ಆ ಮನೆಯಲ್ಲಿ ಅವರಿಗೆ ಒಬ್ಬಳಾದರೂ ಇದ್ದಾಳಲ್ಲ ಎಂದು ಅವತ್ತು ಸಮಾಧಾನವಾಗಿತ್ತು.

ಸಾವಿನ ಮನೆಗೆ ನಾನು ಹೋಗುವಾಗ ಎಲ್ಲ ಮುಗಿದಿತ್ತು. ತಾಯಿ ಹಿಂದೆಯೇ ತೀರಿಹೋಗಿದ್ದರು. ಅಣ್ಣ ಜಗಲಿಯಲ್ಲಿ ಕೂತು ಬಂದವರಿಗೆ ಹೇಳುತ್ತಿದ್ದ. ಅವನ ಕಣ್ಣು ಅತ್ತು ಕೆಂಪಾಗಿತ್ತು; ಅದನ್ನು ಸುಳ್ಳೆನ್ನಲಾರೆ. ನನ್ನನ್ನು ಕಂಡು, "ಬನ್ನಿ ಬಾಯಿ. ಜ್ವರಕ್ಕೆ ಹೋದ್ಲು. ತಲೆ ಮಾತ್ರ ಕೊನೆವರೆಗೂ ಸಮ ಇತ್ತು. ಒಂದು ಮಾತ್ರೆ ಇಲ್ಲದೆ ಇಷ್ಟು ವರ್ಷ ಇದ್ಲು. ದೇವರು ಮಾತು ಉಳಿಸಿಕೊಂಡ," ಎಂದ.

ಅವರು ಬದುಕಿದ್ದಷ್ಟು ದಿನ ನಾನು ಬಾಯಿ ಕಟ್ಟಿಕೊಂಡಿದ್ದೆ. ಇನ್ನು ಯಾರ ಮಾತ್ರೆಯನ್ನು ಕಾಯಬೇಕು? "ಅಲ್ಲ," ಎಂದೆ. "ದಿನಾ ಮಾತ್ರೆ ತಕ್ಕೊಳ್ತಿದ್ರು. ರಜೆಯ ದಿನವೂ. ನನ್ನ ಡ್ರಾಯರಿನಲ್ಲಿ ಇತ್ತು. ಅದರಿಂದಲೇ ಸಮ ಇದ್ರು."

ಅಣ್ಣ ಸಿಟ್ಟಾಗುತ್ತಾನೆಂದು ನಾನು ಕಾದೆ. ಅವನು ಎದ್ದು ನನ್ನ ಹತ್ತಿರ ಬಂದು, ಬೇರೆಯವರಿಗೆ ಕೇಳದಂತೆ ಬೇಡಿಕೊಂಡ. "ಹಂಗೆಲ್ಲ ಹೇಳಬೇಡಿ ಬಾಯಿ. ಹೊನ್ನಾವರದ ಕಡೆಯಿಂದ ಮಗಳಿಗೆ ಮದುವೆ ಮಾತು ಬಂದದೆ. ಮನೇಲಿ ಅಂಥದ್ದು ಇತ್ತು ಅಂತ ಗೊತ್ತಾದ್ರೆ ಮುಗೀತು."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಚಪ್ಪಲಿ ಹಾಕಿಕೊಂಡು ಅಂಗಳ ದಾಟಿದೆ. ಬೇಲಿಯ ಹತ್ತಿರ ಹಿಂದಿನಿಂದ ಹೆಜ್ಜೆ ಕೇಳಿತು. ಆ ಹುಡುಗಿ. ಸೆರಗಿನೊಳಗಿಂದ ಹಿಂಗಿನ ಡಬ್ಬಿ ತೆಗೆದಳು. ವಾಪಸು ಕೊಡಲು ತಂದಿದ್ದಾಳೆಂದು ನಾನು ಕೈ ಚಾಚಿದೆ. ಅವಳು ಕೊಡಲಿಲ್ಲ.

"ಇದರಲ್ಲಿ ಇನ್ನೂ ಉಳಿದದೆ," ಎಂದಳು. "ನಾ ತಕ್ಕೊಂಡ್ರೆ ಆಗ್ತದಾ?"

ನಿನಗೂ ಮಾತು ಕೇಳಿಸುತ್ತದಾ, ಯಾವಾಗಿನಿಂದ ಎಂದು ಕೇಳಿದೆ.

"ಮಳೆ ಶುರುವಾದಾಗಿಂದ. ಅತ್ತೆ ಇರುವಾಗ ಅತ್ತೆಯ ಮುಖ ನೋಡ್ತಿದ್ದೆ. ಅತ್ತೆ ನನ್ನ ಮುಖ ನೋಡ್ತಿದ್ಲು. ಇಬ್ಬರಿಗೂ ಕೇಳಿದ್ರೆ ಖರೆ ಅಂತ ಇಟ್ಟುಕೊಂಡಿದ್ದೆವು."

ಜಗಲಿಯಿಂದ ಅಣ್ಣ ಮಗಳನ್ನು ಕೂಗಿದ. ಅವಳು ತಿರುಗಲಿಲ್ಲ, ನನ್ನ ಮುಖ ನೋಡಿದಳು. ನಾನು ತಲೆಯೆತ್ತಿ ಜಗಲಿಯ ಕಡೆ ನೋಡಿದೆ. ಆಮೇಲೆ ಅವಳು, "ಬಂದೆ ಅಪ್ಪ," ಎಂದಳು.

"ಅದನ್ನು ಮುಟ್ಟಬೇಡ, ಅದು ಅತ್ತೆಗೆ ಕೊಟ್ಟ ಮದ್ದು," ಎಂದೆ. "ನಾಳೆ ಕಾಲೇಜಿಗೆ ಹೋಗುವ ಹೊತ್ತಿಗೆ ಸ್ಟ್ಯಾಂಡಿಗೆ ಬಾ. ಟಿಕೆಟು ನಾ ಕೇಳ್ತೆ, ಗಟ್ಟಿಯಾಗಿ."